ಭಾನುವಾರದ ಫೋಟೊ, ಆಯಿಯ ಕುಂಕುಮ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಮ್ಮ ಟೇಬಲ್ ಮೇಲೆ ಏಳು ಮೊಬೈಲ್‌ಗಳು ಬೋರಲಾಗಿ ಮಲಗಿರುತ್ತವೆ. ಪಕ್ಕದಲ್ಲಿ ಏಳು ಚಹಾ, ಎರಡು ಪ್ಲೇಟ್ ಸೂಸಲಾ, ಒಂದು ಪ್ಲೇಟ್ ಮಿರ್ಚಿ. "ಏನ್ರೀ ಸರ್, ಮೊಬೈಲ್ ಇಟ್ಟು ಪೂಜಿ ಮಾಡ್ತೀರೇನ್ರಿ?" ಅಂತ ಹೋಟೆಲ್ ಹುಡುಗ ಮೊದಲ ಸಲ ಕೇಳಿದ್ದ. ಪೂಜೆ ಅಲ್ಲ, ಆಟ ಅನ್ನಬಹುದು. ಹೋದ ವಾರ ತೆಗೆದ ಫೋಟೊಗಳಲ್ಲಿ ತನಗೆ ತುಂಬಾ ಇಷ್ಟವಾದ ಒಂದನ್ನು ಪ್ರತಿಯೊಬ್ಬರೂ ತೋರಿಸಬೇಕು. ಒಂದೇ. ಮೊಬೈಲ್ ಕೈಯಿಂದ ಕೈಗೆ ಹೋಗುತ್ತದೆ. ಬೆರಳಿಟ್ಟು ಎಡಕ್ಕೋ ಬಲಕ್ಕೋ ಸರಿಸಿ ಪಕ್ಕದ ಫೋಟೊ ನೋಡಿದವರು ಅವತ್ತಿನ ಚಹಾದ ಬಿಲ್ ಕೊಡಬೇಕು. "ಮಸ್ತ್ ಐತಿ", "ಸೂಪರ್" ಅಂದು ಮುಗಿಸುವ ಹಾಗಿಲ್ಲ. ಯಾಕೆ ಇಷ್ಟ ಅಂತ ತೋರಿಸಿದವರು ಹೇಳಬೇಕು, ನೋಡಿದವರು ತಮಗೆ ಕಂಡಿದ್ದನ್ನು ಹೇಳಬೇಕು.

ನಮ್ಮಲ್ಲಿ ಫೋಟೊದಿಂದ ಹೊಟ್ಟೆ ಹೊರೆಯುವವರು ಯಾರೂ ಇಲ್ಲ. ಬ್ಯಾಂಕಿನಲ್ಲಿರುವ ಒಬ್ಬ ಅಣ್ಣ, ಹಲ್ಲಿನ ಡಾಕ್ಟರ್ ಮೇಡಂ, ರೈಲ್ವೆಯವರೊಬ್ಬರು, ಇಬ್ಬರು ಕಾಲೇಜು ಹುಡುಗರು, ರಿಟೈರ್ ಆದ ಡ್ರಾಯಿಂಗ್ ಮಾಸ್ತರ್, ಮತ್ತೆ ನಾನು.

ನಾನು ಸೇರಿದ್ದು 2021ರಲ್ಲಿ. ಬಿ.ವಿ.ಬಿ.ಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದ್ದವನು, ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು ಹುಬ್ಬಳ್ಳಿಗೆ ವಾಪಸ್ ಬಂದೆ. ಆಮೇಲೆ ಕಂಪನಿಯವರೂ ಬಾ ಅನ್ನಲಿಲ್ಲ, ನಾನೂ ನೆನಪು ಮಾಡಲಿಲ್ಲ. ಬೋನಸ್ ಬಂದಾಗ ಕೊಂಡ ಕ್ಯಾಮೆರಾ ಟ್ರೆಜರಿಯೊಳಗೆ ಧೂಳು ತಿನ್ನುತ್ತಿತ್ತು. ಒಂದಿನ ಅದನ್ನು ತಗೊಂಡು ಉಣಕಲ್ ಕೆರೆಗೆ ಹೋದೆ. ಕೆರೆ ನಡುವಿನ ವಿವೇಕಾನಂದರ ಪ್ರತಿಮೆ ಇಟ್ಟುಕೊಂಡು ಬೆಳಗಿನ ಬೆಳಕಿನಲ್ಲಿ ಒಂದಾದ ಮೇಲೊಂದು ಕ್ಲಿಕ್ ಮಾಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಬಗ್ಗಿ ಸ್ಕ್ರೀನ್ ನೋಡಿ, "ತಮ್ಮಾ, ಈ ಫೋಟೊ ಹುಬ್ಬಳ್ಯಾಗ ಎಲ್ಲಾರ ಮೊಬೈಲ್‌ನ್ಯಾಗೂ ಐತಿ. ನಿಂದ್ಯಾವ್ದು?" ಅಂದರು. ಅವರೇ ಮಾಸ್ತರ್.

ಮಾಸ್ತರ್ ಕಲಿತಿದ್ದು ಯಾಶಿಕಾ ಕ್ಯಾಮೆರಾದಲ್ಲಿ. ಮೇಲಿಂದ ಬಗ್ಗಿ ನೋಡುವ ಎರಡು ಕಣ್ಣಿನ ಡಬ್ಬಿ, ಒಂದು ರೋಲ್‌ಗೆ 12 ಫೋಟೊ. ಆ 12 ಅವರಿಗೆ ಎರಡು ತಿಂಗಳು ಬರುತ್ತಿದ್ದವಂತೆ. ನನ್ನ ಕ್ಯಾಮೆರಾ ಸೆಕೆಂಡಿಗೆ 10 ಫೋಟೊ ತೆಗೆಯುತ್ತೆ. ಅಂದರೆ ಅವರ ಎರಡು ತಿಂಗಳು ನನಗೆ ಒಂದೂಕಾಲು ಸೆಕೆಂಡೂ ಅಲ್ಲ. ವಾರಕ್ಕೊಂದೇ ಫೋಟೊ ಅನ್ನೋ ನಿಯಮ ಅವರದೇ. ಮೊದಲು ನಾವೂ ಎಲ್ಲರ ಹಾಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಳ್ಳುತ್ತಿದ್ದೆವು. ಒಬ್ಬ ನಲವತ್ತು ಹಾಕೋದು, ಉಳಿದವರು ನಲವತ್ತಕ್ಕೂ ಸೇರಿಸಿ ಒಂದು ಹೆಬ್ಬೆರಳು ಒತ್ತೋದು. ಎದುರಿಗೆ ಕೂತು ತೋರಿಸಬೇಕು ಅಂದಾಗ ಕಥೆಯೇ ಬೇರೆಯಾಯಿತು. ಶನಿವಾರ ರಾತ್ರಿ ಮುನ್ನೂರು ಫೋಟೊದಲ್ಲಿ ಒಂದನ್ನು ಆರಿಸಲಿಕ್ಕೆ ನಾನು ಒದ್ದಾಡುವಷ್ಟು ನನ್ನ ಕೋಡ್ ರಿವ್ಯೂಗೂ ಒದ್ದಾಡಿಲ್ಲ, ಮ್ಯಾನೇಜರ್ ಇದನ್ನು ಓದದಿದ್ದರೆ ಸಾಕು.

ಜನವರಿ ಬಂತೆಂದರೆ ನಮ್ಮ ಟೇಬಲ್ ತುಂಬಾ ಬಾತುಗಳು. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿಕೊಂಡು. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಈ ಕಡೆಯ ಹವ್ಯಾಸಿಗಳೆಲ್ಲ ಕತ್ತಲಲ್ಲೇ ಎದ್ದು ಅಲ್ಲಿಗೆ ಓಡುತ್ತಾರೆ, ಹಾಗಾಗಿ ಏಳರಲ್ಲಿ ಐದು ಮೊಬೈಲ್ ತಿರುವಿದರೂ ಬಾತು. ಬ್ಯಾಂಕ್ ಅಣ್ಣನಂತೂ ಮಾರ್ಚ್‌ವರೆಗೆ ಬೇರೆ ಏನೂ ತೋರಿಸಲ್ಲ. ಕಾಲೇಜು ಹುಡುಗನೊಬ್ಬ ಚಿಗರಿ ತೆಗೆಯುತ್ತೇನೆ ಅಂತ ನೂರು ಕಿಲೋಮೀಟರ್ ಬೈಕ್ ಓಡಿಸಿ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿದ್ದ. ಇಡೀ ದಿನ ಒಂದೂ ಸರಿಯಾಗಿ ಸಿಗಲಿಲ್ಲ. ಭಾನುವಾರ ಬಹಳ ಗಂಭೀರವಾಗಿ ಮೊಬೈಲ್ ತಿರುವಿದ. ಹೊಸೂರು ಸರ್ಕಲ್ ಹತ್ತಿರ ಹಾದುಹೋಗುತ್ತಿದ್ದ ಬಿ.ಆರ್.ಟಿ.ಎಸ್. ಬಸ್ಸು. "ಚಿಗರಿ" ಅಂದ. ನಮ್ಮೂರಲ್ಲಿ ಆ ಬಸ್ಸಿನ ಹೆಸರೇ ಚಿಗರಿ.

ರೈಲ್ವೆಯವರ ಒಂದು ಫೋಟೊ ನನಗೆ ಇವತ್ತಿಗೂ ಮರೆತಿಲ್ಲ. ನಮ್ಮ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ಗೊತ್ತಲ್ಲ, ಜಗತ್ತಿನಲ್ಲೇ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಗೋರಖ್‌ಪುರದ 1366 ಮೀಟರ್ ಮೊದಲ ಸ್ಥಾನದಲ್ಲಿತ್ತು. ಉದ್ಘಾಟನೆಯಾದ ತಿಂಗಳಲ್ಲಿ ನಾವು ಏಳೂ ಜನ ಅದರ ಫೋಟೊ ತೆಗೆಯೋಕೆ ಹೋಗಿ ಸೋತೆವು. ಎಲ್ಲಿ ನಿಂತರೂ ಬರೋದು ಒಂದು ಮಾಮೂಲಿ ಪ್ಲಾಟ್‌ಫಾರ್ಮೇ. ಉದ್ದ ಅನ್ನೋದು ಫೋಟೊದಲ್ಲಿ ಕಾಣೋದೇ ಇಲ್ಲ. ಅವರು ಮಾತ್ರ ಸುಮ್ಮನೆ ಒಬ್ಬ ಮನುಷ್ಯನ ಬೆನ್ನು ತೆಗೆದಿದ್ದರು. ತಲೆ ಮೇಲೆ ಚೀಲ, ಕಂಕುಳಲ್ಲಿ ಮಗು, ಹಿಂದೆ ಸೆರಗು ಸಿಕ್ಕಿಸಿಕೊಂಡು ಓಡುತ್ತಿರುವ ಹೆಂಡತಿ, ಅವರ ಮುಂದೆ ಮುಗಿಯದ ಕಲ್ಲುಹಾಸು. "ಇವರ ಬೋಗಿ ಆ ತುದಿಗಿತ್ತು" ಅಂದರು ಅಷ್ಟೇ. ಆಗ ಗೊತ್ತಾಯಿತು ನೋಡಿ 1507 ಮೀಟರ್ ಅಂದರೆ ಏನಂತ.

ಫೋಟೊ ಚೆನ್ನಾಗಿರೋದಕ್ಕೂ ಇಷ್ಟವಾಗೋದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ ಅನ್ನೋದು ಗೊತ್ತಾಗಿದ್ದೂ ಈ ಟೇಬಲ್‌ನಲ್ಲೇ. ಒಂದು ಸಲ ಬ್ಯಾಂಕ್ ಅಣ್ಣ ಪೂರ್ತಿ ಅಲುಗಾಡಿದ ಫೋಟೊ ತೋರಿಸಿದರು. ಆಸ್ಪತ್ರೆಯ ಕಾರಿಡಾರ್, ಟ್ಯೂಬ್‌ಲೈಟು, ವಾಕರ್ ಹಿಡಿದ ಒಂದು ಆಕೃತಿ. ಮುಖ ಕಾಣದು. "ನಮ್ಮಪ್ಪ. ಸೊಂಟದ ಆಪರೇಷನ್ ಆದಮ್ಯಾಲೆ ಮೊದಲನೇ ಹೆಜ್ಜಿ. ನನ್ನ ಕೈ ನಡುಗ್ತಿದ್ವು" ಅಂದರು. ಮೊಬೈಲ್ ಏಳೂ ಜನರ ಕೈ ಸುತ್ತಿ ಅವರಿಗೆ ವಾಪಸ್ ಬರುವವರೆಗೆ ಯಾರೂ ಫೋಕಸ್ ಬಗ್ಗೆ ಮಾತಾಡಲಿಲ್ಲ.

ಇಷ್ಟೆಲ್ಲ ಕಲಿತಿದ್ದೀನಿ ಅಂದುಕೊಂಡವನೇ ನಾನು ಮುಗ್ಗರಿಸಿದ್ದು.

ದಸರಾ ಮುಗಿದ ವಾರ. ಸಂಜೆ ಜನತಾ ಬಜಾರ್ ಕಡೆ ಕ್ಯಾಮೆರಾ ಹಿಡಿದು ಅಡ್ಡಾಡುತ್ತಿದ್ದೆ. ತಪ್ಪಲ ಪಲ್ಲೆ ಮಾರುವ ಆಯಿಯೊಬ್ಬಳು ತಾಡಪತ್ರಿ ಕೆಳಗೆ ಕೂತಿದ್ದಳು. ಮುಂದೆ ಮೆಂತೆ, ಪುಂಡಿ, ರಾಜಗಿರಿ, ಹಕ್ಕರಕಿ. ತಲೆ ಮೇಲೆ ಒಂದು ಬಲ್ಬು ತೂಗುತ್ತಿತ್ತು, ಅದರ ಬೆಳಕು ಅವಳ ಮುಖದ ಒಂದೇ ಮಗ್ಗುಲಿಗೆ. ಇಂಥ ಬೆಳಕು ಸ್ಟುಡಿಯೋದಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ. "ಆಯಿ, ಒಂದ್ ಫೋಟೊ ತೆಗೀಲೇನ?" ಅಂದೆ. "ನಂದೇನ ತಗೀತಿ ಯಪ್ಪಾ, ಮೆಂತೆ ತಗಿ, ಇವತ್ತ ಭಾಳ ಚಲೋ ಬಂದೈತಿ" ಅಂತ ಬಾಯ್ತುಂಬ ನಕ್ಕಳು. ನಾಲ್ಕೋ ಐದೋ ಹಲ್ಲು. ಅದೇ ಕ್ಷಣ ಕ್ಲಿಕ್ ಮಾಡಿದೆ.

ಮನೆಗೆ ಬಂದು ಕಪ್ಪು-ಬಿಳುಪು ಮಾಡಿದೆ. ಇದಕ್ಕೆ ಸ್ವಲ್ಪ ಮಾಸ್ತರೇ ಕಾರಣ. ಅವರ ದೇವರು ಸಂಡೂರಿನ ಎಂ.ವೈ. ಘೋರ್ಪಡೆ. ರಾಜಮನೆತನ, ರಾಜ್ಯದ ಹಣಕಾಸು ಸಚಿವರೂ ಆಗಿದ್ದವರು, ಆದರೆ ಕಾಡುಪ್ರಾಣಿಗಳ ಕಪ್ಪು-ಬಿಳುಪು ಫೋಟೊಗಳಿಂದ ಹೊರದೇಶದಲ್ಲೂ ಹೆಸರಾದವರು. 'ಸನ್‌ಲೈಟ್ ಆ್ಯಂಡ್ ಶ್ಯಾಡೋಸ್' ಅಂತ ಅವರ ಪುಸ್ತಕ ಇದೆ. ನಾವು ಟೈಮ್ ಇಲ್ಲ ಅಂದಾಗಲೆಲ್ಲ ಮಾಸ್ತರ್, "ಬಜೆಟ್ ಮಂಡಿಸೋ ಮನಷ್ಯಾಗ ಟೈಮ್ ಇತ್ತು, ನಿಮಗಿಲ್ಲೇನ?" ಅಂತಾರೆ. ಹಾಗಾಗಿ ನಮ್ಮಲ್ಲಿ ಯಾರಿಗೇ ಆಗಲಿ, ಒಂದು ಫೋಟೊ ಭಾರಿ ಚೆನ್ನಾಗಿದೆ ಅನ್ನಿಸಿದರೆ ಕೈ ತಾನಾಗಿಯೇ ಬಣ್ಣ ತೆಗೆಯುವ ಬಟನ್‌ಗೆ ಹೋಗುತ್ತೆ. ಆಮೇಲೆ ಕ್ಲಾರಿಟಿ ಅನ್ನೋ ಸ್ಲೈಡರ್ ಬಲಕ್ಕೆ ಎಳೆದೆ. ಮುಖದ ಒಂದೊಂದು ಗೆರೆಯೂ ಉಳುಮೆ ಮಾಡಿದ ಹೊಲದ ಹಾಗೆ ಎದ್ದು ಬಂತು. ಇನ್ನೂ ಸ್ವಲ್ಪ ಎಳೆದೆ.

ಭಾನುವಾರ ನನ್ನ ಮೊಬೈಲ್ ಎರಡು ಸುತ್ತು ಹೋಯಿತು. ಹಾಗೆ ಆಗಿದ್ದು ಅಪರೂಪ. ಕಾಲೇಜು ಹುಡುಗರು ಚಹಾ ಕೆಳಗಿಟ್ಟು ನೋಡಿದರು. ರೈಲ್ವೆಯವರು "ಬೆಳಕ ನೋಡ್ರಿ ಬೆಳಕ" ಅಂದರು. ಡಾಕ್ಟರ್ ಮೇಡಂ ಮಾತ್ರ, "ಕೆಳಗಿನ ಹಲ್ಲು ಇನ್ನೂ ಗಟ್ಟಿ ಅದಾವ, ಕ್ಲಿನಿಕ್ಕಿಗೆ ಕರಕೊಂಡ ಬರ್ರಿ" ಅಂದು ನಗಿಸಿದರು. ಯಾಕೆ ಇಷ್ಟ ಅಂದಾಗ ನಾನು ಏನೇನೋ ಹೇಳಿದೆ. ಕಷ್ಟದಲ್ಲೂ ನಗು, ಶ್ರಮದ ಸೌಂದರ್ಯ, ಇಂಥವೇ. ಹೇಳುವಾಗ ನನಗೇ ಖುಷಿಯಾಗುತ್ತಿತ್ತು. ಮಾಸ್ತರ್ ಮೊಬೈಲನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಕೊನೆಗೆ ಒಂದೇ ಮಾತು ಕೇಳಿದರು: "ಆಕಿಗೆ ತೋರಿಸಿಯೇನ?"

ಇಲ್ಲ. ಅದು ಹೊಳೆದೇ ಇರಲಿಲ್ಲ. ಏಳು ಜನಕ್ಕೆ ತೋರಿಸಿದ್ದೆ, ಅಮ್ಮನಿಗೆ ತೋರಿಸಿದ್ದೆ, ಆಫೀಸಿನವರಿಗೆ ಕಳಿಸಿದ್ದೆ. ಒಂದು ಸ್ಪರ್ಧೆಗೂ ಕಳಿಸಿಬಿಟ್ಟಿದ್ದೆ. (ಬಹುಮಾನ ಬರಲಿಲ್ಲ, ಪುಣ್ಯ.)

ನವೆಂಬರ್‌ನಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದೆ, 8 ಇಂಚು 12 ಇಂಚು, ಒಳ್ಳೆ ಮ್ಯಾಟ್ ಪೇಪರ್. ಆಯಿ ಪಕ್ಕದಲ್ಲಿ ಅವಳ ಮೊಮ್ಮಗಳು ಕೂತಿದ್ದಳು, ಪಿಯುಸಿ ಓದುವ ಹುಡುಗಿ, ಕಾಲೇಜು ಬ್ಯಾಗ್ ಇನ್ನೂ ಹೆಗಲ ಮೇಲೇ ಇತ್ತು. ಆಯಿ ಕೈ ಒರೆಸಿಕೊಂಡು ಫೋಟೊ ತಗೊಂಡಳು. ದೂರ ಹಿಡಿದಳು. ಹತ್ತಿರ ತಂದಳು. ನಗು ಬರುತ್ತೆ ಅಂತ ನಾನು ಕಾಯುತ್ತಿದ್ದೆ.

"ಇಷ್ಟ ಗೆರಿ ಅದಾವೇನ ನನ್ನ ಮಾರಿ ಮ್ಯಾಲ?"

ನಾನು ಏನೋ ಹೇಳಲು ಹೋದೆ. ಅಷ್ಟರಲ್ಲಿ ಅವಳ ಬೆರಳು ಫೋಟೊದ ಹಣೆ ಮೇಲೆ ಹೋಗಿ ನಿಂತಿತು.

"ಕುಂಕುಮ ಯಾಕ ಕರ್ರಗಾಗೇತಿ?"

"ಅದು ಬ್ಲ್ಯಾಕ್ ಆ್ಯಂಡ್ ವೈಟ್ ಆಯಿ, ಹಳೇ ಕಾಲದ್ದ ಇದ್ದಂಗ..."

"ಬಳಿ ಹಸರಿದ್ವು. ಅವೂ ಕರೇವ ಆಗ್ಯಾವ. ನಮ್ಮ ಮುದುಕಾ ಮನ್ಯಾಗ ಗುಂಡಕಲ್ಲಿನಂಗ ಅದಾನಲ್ಲೋ ತಮ್ಮಾ."

ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅಷ್ಟರಲ್ಲಿ ಹುಡುಗಿ ಬಗ್ಗಿ ಫೋಟೊದ ಕೆಳಗಿದ್ದ ಅಕ್ಷರ ಓದಿದಳು. ಸ್ಪರ್ಧೆಗೆ ಅಂತ ಹಾಕಿದ ಶೀರ್ಷಿಕೆ, ತೆಗೆಯೋದು ಮರೆತಿದ್ದೆ. "ಆಯಿ, ಕೆಳಗ 'ಬಡತನದ ನಗು' ಅಂತ ಬರದಾರ."

"ಯಾರ್ದು?"

"ನಿಂದು."

ಆಯಿ ನನ್ನ ಮುಖ ನೋಡಿದಳು. "ಎರಡ ಹೆಣ್ಣಮಕ್ಕಳ ಮದುವಿ ಮಾಡೇನಿ. ಮಗನ್ನ ಐಟಿಐ ಓದಿಸೇನಿ. ಈಕಿ ಫೀ ನಾನೇ ಕಟ್ಟತೇನಿ. ಒಂದ ದಿನ ಯಾರ ಮುಂದ ಕೈ ಚಾಚಿಲ್ಲ. ಬಡತನ ನೀ ಎಲ್ಲಿ ನೋಡಿದಿ ಯಪ್ಪಾ?"

ಗಿರಾಕಿಯೊಬ್ಬರು ಬಂದು ಪುಂಡಿ ಪಲ್ಲೆ ಕೇಳಿದರು. ಆಯಿ ಫೋಟೊವನ್ನು ಬೋರಲು ಮಾಡಿ ತಟ್ಟಿನ ಮೇಲಿಟ್ಟು, ಅದರ ಬಿಳಿ ಬೆನ್ನಿನ ಮೇಲೆ ಕೊತ್ತಂಬರಿ ಜೋಡಿಸಿ ವ್ಯಾಪಾರಕ್ಕೆ ತಿರುಗಿದಳು. ನಾನು ಎರಡು ಸಿವುಡು ಮೆಂತೆ ತಗೊಂಡು ಬಂದೆ. ಬೇಕಾಗಿರಲಿಲ್ಲ, ಸುಮ್ಮನೆ ಎದ್ದು ಬರಲು ಆಗಲಿಲ್ಲ.

ಅವತ್ತು ರಾತ್ರಿ ಮೂಲ ಫೋಟೊ ತೆರೆದು ನೋಡಿದೆ. ಕುಂಕುಮ ರೂಪಾಯಿ ನಾಣ್ಯದಷ್ಟು ಅಗಲ, ಕಡುಕೆಂಪು. ಇದೇನೂ ರಹಸ್ಯ ಅಲ್ಲ, ಇಮೇಜ್ ಪ್ರೊಸೆಸಿಂಗ್‌ನ ಮೊದಲ ಪಾಠ. ಬಣ್ಣವನ್ನು ಬೂದು ಮಾಡುವ ಹಳೆಯ ಸೂತ್ರದಲ್ಲಿ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಹೊಳೆಯುತ್ತೆ ಅನ್ನೋ ಲೆಕ್ಕದ ಮೇಲೆ ಮಾಡಿದ್ದು. ಅಚ್ಚ ಕೆಂಪು ಕೂಡ ಇದರಲ್ಲಿ ಹಾದು ಬಂದರೆ ಬಿಳಿಯ ಮೂರನೇ ಒಂದು ಪಾಲಿಗೂ ಕಮ್ಮಿ ಬೆಳಕು ಉಳಿಯುತ್ತೆ. ಬಲ್ಬಿನ ಬೆಳಕು ಬಿದ್ದ ಹಣೆ ಮೇಲೆ ಅದು ಕಪ್ಪು ಚುಕ್ಕೆಯಂತೆಯೇ ಕಾಣೋದು. ಇಂಥ ಮೂರು ಸಂಖ್ಯೆ ನಾನೇ ಎಷ್ಟೋ ಸಲ ಕೋಡ್‌ನಲ್ಲಿ ಟೈಪ್ ಮಾಡಿದ್ದೀನಿ. ಗಾಢ ಹಸಿರು ಬಳೆಯದೂ ಅದೇ ಗತಿ. ಮುತ್ತೈದೆಯೊಬ್ಬಳ ಮೈಮೇಲಿಂದ ನಾನು ಏನನ್ನು ಅಳಿಸಿದೆ ಅಂತ ಆ ಸೂತ್ರಕ್ಕೆ ಗೊತ್ತಿಲ್ಲ. ನನಗೆ ಗೊತ್ತಿರಬೇಕಿತ್ತು. ನಾನು ದಿನಾ ನೋಡುವ ಅಮ್ಮನ ಹಣೆಯಲ್ಲೂ ಅದೇ ಕೆಂಪು ಇದೆ.

ಮುಂದಿನ ಭಾನುವಾರ ತಪ್ಪಿಸಿಕೊಂಡೆ. ಅದರ ಮುಂದಿನ ವಾರ ಹೋಗಿ, ತೋರಿಸಲು ಫೋಟೊ ಇಲ್ಲ ಅಂತ ಹೇಳಿ ನಡೆದಿದ್ದನ್ನು ಹೇಳಿದೆ. ಕಾಲೇಜು ಹುಡುಗನೊಬ್ಬ, "ಆದ್ರೂ ಫೋಟೊ ಚಲೋ ಇತ್ತಲ್ಲ ಅಣ್ಣಾ" ಅಂದ. ಹೌದು, ಇತ್ತು, ಅದನ್ನು ನಾನು ಅಲ್ಲಗಳೆಯಲ್ಲ. ಮಾಸ್ತರ್ ಉಪದೇಶ ಮಾಡುತ್ತಾರೆ ಅಂದುಕೊಂಡಿದ್ದೆ. "ಬಣ್ಣದಾಗ ಪ್ರಿಂಟ್ ಹಾಕ್ಸು. ಹೋಗಿ ಕೊಟ್ಟ ಬಾ" ಅಂದು ಮಿರ್ಚಿ ಎತ್ತಿಕೊಂಡರು.

ಬಣ್ಣದ ಪ್ರಿಂಟ್ ನೋಡಿ ಆಯಿ "ಹಾಂ, ಇದು ನಾನು" ಅಂದಳು. ಆದರೆ ವಾಪಸ್ ಕೊಟ್ಟಳು. "ಬಾಯಿ ತಗದೇನಿ, ಇದನ್ನ ಯಾರ್ ನೋಡ್ತಾರ? ನೀ ಖರೇನ ಕೊಡಾಂವಿದ್ರ ಗ್ವಾಡಿಗೆ ಹಾಕೂವಂಥಾದ್ದ ಒಂದ ತಗದ ಕೊಡು, ಇಬ್ಬರದೂ ಕೂಡಿಸಿ. ನಾಳಿಗೆ ಏನಾರ ಆದ್ರ ಈ ಹುಡುಗೂರು ಆಧಾರ್ ಕಾರ್ಡಿಂದ ದೊಡ್ದ ಮಾಡಸ್ತಾರ. ಅದರಾಗ ನಾ ಕಳ್ಳಿ ಕಂಡಂಗ ಕಾಣ್ತೇನಿ."

ನಕ್ಕೆ, ಆದರೆ ನಮ್ಮ ಮನೆ ಗೋಡೆ ನೆನಪಾಯಿತು. ನಮ್ಮಜ್ಜ ತೀರಿಕೊಂಡಾಗ ಹಾರ ಹಾಕಲು ಒಂದು ಫೋಟೊ ಇರಲಿಲ್ಲ. ಯಾರದೋ ಮದುವೆಯ ಗ್ರೂಪ್ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದರು. ಇವತ್ತಿಗೂ ಆ ಫ್ರೇಮಿನಲ್ಲಿ ಅಜ್ಜನ ಎಡ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಇವೆ. ಯಾರ ಬೆರಳು ಅಂತ ಹೇಳುವವರು ಈಗ ಮನೆಯಲ್ಲಿ ಯಾರೂ ಇಲ್ಲ. ಕ್ಯಾಮೆರಾ ಬಂದು ಇಷ್ಟು ವರ್ಷ ಆದರೂ ನಾನು ಅಪ್ಪ-ಅಮ್ಮನ ಅಂಥದ್ದೊಂದು ಫೋಟೊ ತೆಗೆದಿರಲಿಲ್ಲ, ಅದೂ ಆಗಲೇ ಹೊಳೆದದ್ದು.

ಡಿಸೆಂಬರ್‌ನ ಒಂದು ಸೋಮವಾರ ಹಳೇ ಹುಬ್ಬಳ್ಳಿಯ ಅವರ ಮನೆಗೆ ಹೋದೆ. ಆಯಿ ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟಿದ್ದಳು, ತಲೆ ಮೇಲೆ ಸೆರಗು, ಕುಂಕುಮ ಮಾಮೂಲಿಗಿಂತ ಒಂದು ಸುತ್ತು ದೊಡ್ಡದು. ಅಜ್ಜನಿಗೆ ಇಸ್ತ್ರಿ ಮಾಡಿದ ಧೋತರ, ಬಿಳಿ ಟೊಪ್ಪಿಗೆ. ಪಿಸ್ತಾ ಬಣ್ಣದ ಗೋಡೆ, ಎರಡು ಪ್ಲಾಸ್ಟಿಕ್ ಕುರ್ಚಿ. ನಾನು ಕಿಟಕಿ ಬೆಳಕಿಗೆ ಕುರ್ಚಿ ಸರಿಸಿ, ಒಂದು ಮಗ್ಗುಲಿಗೆ ಜಾಗ ಬಿಟ್ಟು ಫ್ರೇಮ್ ಮಾಡುತ್ತಿದ್ದೆ. ಮೊಮ್ಮಗಳು ಹಿಂದಿನಿಂದ ಸ್ಕ್ರೀನ್ ಇಣುಕಿ ಆಯಿಗೆ ವರದಿ ಒಪ್ಪಿಸಿದಳು. "ನಡುಕ ಬರ್ಲಿ. ಖಾಲಿ ಗ್ವಾಡಿ ಯಾಕ ಬೇಕು?" ಅಂತ ಆಯಿಯ ಆದೇಶ. ನಡುವಿಗೆ ತಂದೆ. ಇಬ್ಬರೂ ಮೊಣಕಾಲ ಮೇಲೆ ಕೈ ಇಟ್ಟು, ಬಾಯಿ ಬಿಗಿಹಿಡಿದು, ನೆಟ್ಟಗೆ ಕೂತರು.

ಅಭ್ಯಾಸ ಬಲ, "ಸ್ವಲ್ಪ ನಗ್ರಿ ಆಯಿ" ಅಂದುಬಿಟ್ಟೆ.

"ಒಮ್ಮೆ ನಕ್ಕಿದ್ದಕ್ಕ ಬಡತನ ಅಂದಿ. ಸಾಕು."

ಅಜ್ಜ ಟೊಪ್ಪಿಗೆ ಬೀಳುವ ಹಾಗೆ ನಕ್ಕ. ಆಯಿಯ ತುಟಿಯೂ ಜಾರಿತು, ಸೆರಗು ಬಾಯಿಗೆ ಹೋಯಿತು. ನನ್ನ ಬೆರಳು ಶಟರ್ ಮೇಲೇ ಇತ್ತು. ಒತ್ತಲಿಲ್ಲ. ಅಂಥ ಫೋಟೊ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಚುರುಕ್ ಅನ್ನುತ್ತೆ. ಇಬ್ಬರೂ ಮತ್ತೆ ನೆಟ್ಟಗಾಗುವ ತನಕ ಕಾದು, ಆಮೇಲೆ ತೆಗೆದೆ. ಮೂರೇ ಮೂರು. ಯಾವ ಸ್ಲೈಡರ್ ಮುಟ್ಟಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಟ್ಯೂಬ್‌ಲೈಟಿನಿಂದ ಕುಂಕುಮಕ್ಕೆ ಸ್ವಲ್ಪ ನೀಲಿ ಛಾಯೆ ಬಂದಿತ್ತು, ಅದನ್ನು ಸರಿಮಾಡಿ ಕೆಂಪನ್ನು ಕೆಂಪಿಗೆ ತಂದೆ.

ಫ್ರೇಮ್ ಹಾಕಿಸಿ ಕೊಟ್ಟಾಗ ಆಯಿ ದುಡ್ಡು ಕೊಡಲು ಬಂದಳು. ಬೇಡ ಅಂದದ್ದಕ್ಕೆ ಚೀಲದ ತುಂಬ ಹಕ್ಕರಕಿ, ಮೆಂತೆ ತುಂಬಿ ಕಳಿಸಿದಳು. ಮೂರು ದಿನ ನಮ್ಮ ಮನೆಯಲ್ಲಿ ಮೆಂತೆಯದೇ ಪಲ್ಲೆ.

ಜನವರಿಯ ಮೊದಲ ಭಾನುವಾರ ಆ ಫೋಟೊವನ್ನೇ ತೋರಿಸಿದೆ. ಮೊಬೈಲ್ ಬೇಗಬೇಗ ಕೈ ಬದಲಾಯಿಸಿತು. "ಅಣ್ಣಾ, ಪಾಸ್‌ಪೋರ್ಟ್ ಸೈಜಿಗೆ ತಗದಂಗ ಐತಲ್ಲ?" ಅಂದ ಹುಡುಗ. ಡಾಕ್ಟರ್ ಮೇಡಂ, "ಬಾಯಿ ಮುಚ್ಚಿಕೊಂಡಾರ, ನಂಗೇನ ಕೆಲಸ ಇಲ್ಲ ಇದರಾಗ" ಅಂದರು. ರೈಲ್ವೆಯವರು ಹಿಂದಿನ ಗೋಡೆ ಸ್ವಲ್ಪ ವಾಲಿದೆ ಅಂದರು. ವಾಲಿತ್ತು, ನಿಜ.

"ಯಾಕ ಇಷ್ಟ ಆತು?" ಮಾಸ್ತರ್ ಕೇಳಿದರು, ನಿಯಮದ ಪ್ರಕಾರ.

ಈ ಸಲ ನನ್ನ ಹತ್ತಿರ ದೊಡ್ಡ ಮಾತು ಇರಲಿಲ್ಲ. "ಆಕಿಗೆ ಇಷ್ಟ ಆತ್ರಿ" ಅಂದೆ.

ಮಾಸ್ತರ್ ಎರಡು ಬೆರಳಿನಿಂದ ಸ್ಕ್ರೀನ್ ಹಿಗ್ಗಿಸಿದರು. ಹಣೆ ಮೇಲಿನ ಕೆಂಪು ಅವರ ಕನ್ನಡಕದ ಗಾಜಿನಲ್ಲೂ ಕಂಡಿತು. ಒಂದು ಕ್ಷಣ ನೋಡಿ, "ಹೂಂ" ಅಂದು, ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಚಹಾ ಆರಿತ್ತು, ಹುಡುಗನಿಗೆ ಇನ್ನೊಂದು ಸುತ್ತು ತರಲು ಹೇಳಿದೆವು. ಮುಂದಿನ ಸರದಿ ಬ್ಯಾಂಕ್ ಅಣ್ಣನದು. ಅವರು ಗಂಟಲು ಸರಿಮಾಡಿಕೊಂಡು ಮೊಬೈಲ್ ತಿರುವಿದರು.

ಮಾಗಡಿ ಕೆರೆ. ಬಾತು.